ಅಕ್ಕೋರೇ, ಆ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಡಿ

ಗದಗ ಜಿಲ್ಲೆ ರೋಣ ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು. ಕೀಲುವಾತಕ್ಕೆ ಅಂತ 14 ತಿಂಗಳಿಂದ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಗುಳಿಗೆ ತಗೊಳ್ಳುತ್ತಿದ್ದಾರೆ. 20 ಮಿಲಿಗ್ರಾಂನಿಂದ ಶುರುವಾದದ್ದನ್ನು ಹುಬ್ಬಳ್ಳಿಯ ಡಾಕ್ಟರು ಇಳಿಸುತ್ತಾ ಬಂದು ಈಗ 5ಕ್ಕೆ ನಿಲ್ಲಿಸಿದ್ದಾರೆ. 5ಕ್ಕೆ ಬಂದಾಗಿನಿಂದ ವಿಪರೀತ ಸುಸ್ತು, ಎದ್ದು ನಿಂತರೆ ತಲೆ ಸುತ್ತು, ಮೈಕೈ ನೋವು. ಬೆಂಗಳೂರಿನಲ್ಲಿರುವ ಮಗ ಅಮೆರಿಕದಿಂದ 'ಅಡ್ರಿನಲ್ ಸಪೋರ್ಟ್' ಅನ್ನುವ ಡಬ್ಬಿ ತರಿಸಿಕೊಟ್ಟಿದ್ದಾನೆ. ಮೂರು ವಾರದಿಂದ ಅದೂ ನಡೆದಿದೆ, ಸ್ವಲ್ಪ ಗೆಲುವು ಅನಿಸಿದೆಯಂತೆ. ಈಗ ಗುಳಿಗೆ ಪೂರ್ತಿ ಬಿಟ್ಟು ಡಬ್ಬಿಯೊಂದನ್ನೇ ಮುಂದುವರಿಸಲಾ ಅನ್ನುವುದು ಪ್ರಶ್ನೆ. ಕೊನೆಗೊಂದು ಸಾಲು ಇದೆ: "ಡಾಕ್ಟರಿಗೆ ಹೇಳಿಲ್ಲ, ಬೈತಾರ."

ಅಕ್ಕೋರೇ, ನಮಸ್ಕಾರ.

ಮೊದಲು ಇದನ್ನು ಓದಿ, ಉಳಿದದ್ದು ಆಮೇಲೆ. ಗುಳಿಗೆ ಬಿಡಬೇಡಿ, ಒಂದು ದಿನವೂ ಬಿಡಬೇಡಿ. ಡಬ್ಬಿಯ ವಿಷಯ ಇವತ್ತೇ ಫೋನ್ ಮಾಡಿ ಡಾಕ್ಟರಿಗೆ ಹೇಳಿ. ಅದನ್ನೂ ನೀವಾಗಿಯೇ ಪಟ್ಟನೆ ನಿಲ್ಲಿಸಬೇಡಿ, ಯಾಕೆ ಅಂತ ಮುಂದೆ ಬರುತ್ತದೆ. ನಾನು ಡಾಕ್ಟರಲ್ಲ, ಪ್ರೂಫ್ ತಿದ್ದುವ ಮನುಷ್ಯ. ಆದರೆ ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ಪೆಟ್ಟು ಬಿದ್ದಿದೆ. ಅದಾದ ಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತಿದ್ದೇನೆ.

ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಒಂದೊಂದರ ತೂಕ 4-5 ಗ್ರಾಂ. ಎರಡನ್ನೂ ಸೇರಿಸಿದರೆ ಒಂದು ಧಾರವಾಡ ಪೇಡಾದಷ್ಟೂ ಆಗುವುದಿಲ್ಲ. (ಪೇಡಾ ಮಾತು ಬಂತು ಅಂತ ತರಿಸಬೇಡಿ, ಸ್ಟಿರಾಯ್ಡ್ ನಡೆದಿರುವಾಗ ಸಕ್ಕರೆ ಸುಮ್ನೆ ಏರುತ್ತದೆ.) ಇಷ್ಟು ಸಣ್ಣ ಗ್ರಂಥಿ ದಿನಾ ಕಾರ್ಟಿಸಾಲ್ ತಯಾರಿಸುತ್ತದೆ. ಬಿಪಿ ಬೀಳದಂತೆ, ರಕ್ತದಲ್ಲಿ ಸಕ್ಕರೆ ಇಳಿಯದಂತೆ, ಜ್ವರ ಬಂದಾಗ ಮೈ ಕುಸಿಯದಂತೆ ನೋಡಿಕೊಳ್ಳುವುದು ಅದೇ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಅನ್ನುವ ಹಾರ್ಮೋನ್ ಮೂಲಕ ಆರ್ಡರ್ ಕಳಿಸಿದರೆ ಮಾತ್ರ ಅಡ್ರಿನಲ್ ಕಾರ್ಟಿಸಾಲ್ ತಯಾರಿಸುತ್ತದೆ. ನೀವು ನುಂಗುವ ಪ್ರೆಡ್ನಿಸೊಲೋನ್ ಕಾರ್ಟಿಸಾಲಿನ ಹಾಗೇ ಕೆಲಸ ಮಾಡುವ ಔಷಧ. ರಕ್ತದಲ್ಲಿ ಅದು ಬೇಕಾದಷ್ಟಿದೆ ಅಂತ ಗೊತ್ತಾದ ಕೂಡಲೇ ಪಿಟ್ಯುಟರಿ ಆರ್ಡರ್ ಕಳಿಸುವುದನ್ನು ನಿಲ್ಲಿಸುತ್ತದೆ. ಅಡ್ರಿನಲ್ ಸುಮ್ಮನೆ ಕೂರುತ್ತದೆ, ಆಮೇಲೆ ಕುಗ್ಗುತ್ತದೆ.

ನಿಮ್ಮ ಕಡೆಯ ಮಾತಿನಲ್ಲೇ ಹೇಳುವುದಾದರೆ, ದಿನಾ ಬಾಗಿಲಿಗೆ ಟ್ಯಾಂಕರ್ ಬರುತ್ತಿದ್ದರೆ ಹಿತ್ತಲ ಬಾವಿಗೆ ಹಗ್ಗ ಯಾರು ಬಿಡುತ್ತಾರೆ? ವರ್ಷ ಕಳೆಯುವುದರೊಳಗೆ ಬಾವಿಯಲ್ಲಿ ಹೂಳು ತುಂಬಿ ಸೆಲೆ ಮುಚ್ಚಿರುತ್ತದೆ.

ಮೂರು-ನಾಲ್ಕು ವಾರಕ್ಕಿಂತ ಜಾಸ್ತಿ ಸ್ಟಿರಾಯ್ಡ್ ತಗೊಂಡ ಯಾರಿಗೂ ಹೀಗೆ ಆಗಬಹುದು, ನಿಮಗಂತೂ 14 ತಿಂಗಳು. ಸರಿಯಾಗಿ 5ಕ್ಕೆ ಬಂದಾಗಲೇ ಸುಸ್ತು ಯಾಕೆ ಶುರುವಾಯಿತು ಅಂತ ಕೇಳಿದ್ದೀರಿ, ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ ಇದು. ಆರೋಗ್ಯವಂತರ ಮೈ ದಿನಕ್ಕೆ ತಯಾರಿಸುವ ಕಾರ್ಟಿಸಾಲಿಗೆ ಹೆಚ್ಚುಕಡಿಮೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಸಮ. 20ರಿಂದ 15, 15ರಿಂದ 10 ಮಾಡಿದಾಗ ಇಳಿದದ್ದು ಮೇಲಿನ ಹೆಚ್ಚುವರಿ. 5ರ ಹತ್ತಿರ ಬಂದ ಮೇಲೆ ಇಳಿಸುವ ಒಂದೊಂದು ಮಿಲಿಗ್ರಾಮನ್ನೂ ನಿಮ್ಮ ಗ್ರಂಥಿಯೇ ತುಂಬಿಕೊಡಬೇಕು. ಅದಿನ್ನೂ ಕಣ್ಣು ಬಿಟ್ಟಿಲ್ಲ, ಜೊತೆಗೆ 14 ತಿಂಗಳು ಜಾಸ್ತಿಗೆ ಒಗ್ಗಿಹೋದ ಮೈಗೆ ಈಗ ಸರಿಯಾದ ಪ್ರಮಾಣವೂ ಕಡಿಮೆ ಅನಿಸುತ್ತದೆ. ಅದಕ್ಕೇ ಡಾಕ್ಟರು ಇಲ್ಲಿಂದ ಮುಂದೆ ಅವಸರ ಮಾಡುತ್ತಿಲ್ಲ, ಕೆಲವರಿಗೆ ಕೆಲವು ವಾರ ಸಾಕು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಕೀಲು ನೋವು ಮಾತ್ರ ಎರಡೂ ಕಾರಣಕ್ಕೆ ಬರಬಹುದು. ಹಳೇ ಕೀಲುವಾತ ತಲೆ ಎತ್ತಿದೆಯೋ, ಗುಳಿಗೆ ಇಳಿಸಿದ್ದಕ್ಕೆ ಮೈ ಗೊಣಗುತ್ತಿದೆಯೋ ಅನ್ನುವುದು ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯವಲ್ಲ.

ಇನ್ನು ಡಬ್ಬಿ. ಮೇಲಿನ ಚೀಟಿಯನ್ನು ಅಕ್ಷರ ಬಿಡದೆ ಬರೆದು ಕಳಿಸಿದ್ದೀರಿ, ಶಿಕ್ಷಕಿಯ ಕೈ ಅಲ್ವಾ! ಮೊದಲ ಸಾಲಿನಲ್ಲೇ 'ಬೋವೈನ್ ಅಡ್ರಿನಲ್' ಅಂತಿದೆ. ಹೇಳಲು ಸಂಕೋಚ, ಆದರೂ ಹೇಳಲೇಬೇಕು. ಬೋವೈನ್ ಅಂದರೆ ದನ. ಅದು ದನದ ಅಡ್ರಿನಲ್ ಗ್ರಂಥಿಯನ್ನು ಒಣಗಿಸಿ ಮಾಡಿದ ಪುಡಿ. ಸೋಮವಾರ ಒಪ್ಪತ್ತು ಮಾಡುವ ನಿಮಗೆ ಮಗ ಗೊತ್ತಿದ್ದೂ ಇದನ್ನು ಕೊಟ್ಟಿರಲಾರ, ಪಾಪ ಅವನೂ ಚೀಟಿ ಓದಿರಲಿಕ್ಕಿಲ್ಲ.

ಆಹಾರದ ಮಾತು ಬಿಡಿ, ಔಷಧದ ಮಾತಿಗೆ ಬರೋಣ. ಅಮೆರಿಕದಲ್ಲಿ ಮಾರಾಟವಾಗುವ ಇಂಥ 12 ಅಡ್ರಿನಲ್ ಸಪ್ಲಿಮೆಂಟುಗಳನ್ನು ತರಿಸಿ ಪರೀಕ್ಷೆ ಮಾಡಿದ ವರದಿ 2018ರಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹನ್ನೆರಡರಲ್ಲೂ ಟಿ3 ಅನ್ನುವ ಥೈರಾಯ್ಡ್ ಹಾರ್ಮೋನ್ ಸಿಕ್ಕಿತು. ಏಳು ಸಪ್ಲಿಮೆಂಟುಗಳಲ್ಲಿ ಒಂದಲ್ಲ ಒಂದು ಸ್ಟಿರಾಯ್ಡ್ ಹಾರ್ಮೋನ್ ಇತ್ತು. ನಿಮ್ಮ ಡಬ್ಬಿಯಲ್ಲೂ ಇದೆ ಅಂತ ನಾನು ಹೇಳುತ್ತಿಲ್ಲ. ಇಲ್ಲ ಅಂತ ಹೇಳುವ ಧೈರ್ಯವೂ ನನಗಿಲ್ಲ. ಇದ್ದರೆ ಏನಾಗುತ್ತದೆ ನೋಡಿ. ನಿಮಗೆ ಬಂದ 'ಗೆಲುವು' ಆ ಬಚ್ಚಿಟ್ಟ ಹಾರ್ಮೋನಿನದೇ ಇರಬಹುದು. ಮುಂದಿನ ಬಾಗಿಲ ಟ್ಯಾಂಕರ್ ಕಡಿಮೆ ಮಾಡಿ, ಹಿಂದಿನ ಬಾಗಿಲಲ್ಲಿ ಇನ್ನೊಂದು ಟ್ಯಾಂಕರ್ ಕರೆಸಿಕೊಂಡ ಹಾಗೆ. ಬಾವಿಯ ಸೆಲೆ ಮುಚ್ಚಿಯೇ ಇರುತ್ತದೆ. ರಕ್ತ ಪರೀಕ್ಷೆಯ ಲೆಕ್ಕವೂ ದಾರಿ ತಪ್ಪಬಹುದು, ಏನೂ ಗೊತ್ತಿಲ್ಲದ ಡಾಕ್ಟರು ಆ ಲೆಕ್ಕ ನಂಬಿ ಗುಳಿಗೆ ಇಳಿಸುತ್ತಾರೆ. ಡಬ್ಬಿಯನ್ನು ನೀವಾಗಿಯೇ ಪಟ್ಟನೆ ಬಿಡಬೇಡಿ ಅಂದದ್ದೂ ಇದಕ್ಕೇ, ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಅದನ್ನು ಬಿಡುವುದಕ್ಕೂ ಕ್ರಮ ಬೇಕು.

ಚೀಟಿಯಲ್ಲಿರುವ ಅಶ್ವಗಂಧ ನಮ್ಮದೇ ಬೇರು, ಅದರಿಂದ ಏನು ತೊಂದರೆ ಅಂತೀರಿ. ಕೆಲವು ಸಣ್ಣ ಪ್ರಯೋಗಗಳಲ್ಲಿ ಅದು ಕಾರ್ಟಿಸಾಲನ್ನು ಇಳಿಸಿದೆ. ಟೆನ್ಶನ್ ಕಡಿಮೆ ಮಾಡುತ್ತದೆ ಅಂತ ಅದನ್ನು ಮಾರುವವರು ತೋರಿಸುವುದೂ ಆ ಪ್ರಯೋಗಗಳನ್ನೇ. ಕಾರ್ಟಿಸಾಲ್ ಸಾಲದೆ ಒದ್ದಾಡುವವರಿಗೆ ಇಳಿಸುವ ಬೇರು ಯಾಕೆ ಬೇಕು? ಅಪರೂಪಕ್ಕೆ ಲಿವರಿಗೆ ಪೆಟ್ಟಾದ ವರದಿಗಳೂ ಇವೆ. ಇನ್ನು 'ಲಿಕರಿಸ್' ಅಂದರೆ ನಮ್ಮ ಜ್ಯೇಷ್ಠಮಧು. ಕೆಮ್ಮಿಗೆ ಒಂದು ತುಂಡು ಬಾಯಲ್ಲಿ ಇಟ್ಟುಕೊಳ್ಳುವುದು ಬೇರೆ, ದಿನಾ ಮಾತ್ರೆಯಾಗಿ ನುಂಗುವುದು ಬೇರೆ. ಅದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಪ್ರೆಡ್ನಿಸೊಲೋನ್ ಮೈಯಿಂದ ಹೊರಹೋಗುವುದನ್ನೂ ನಿಧಾನ ಮಾಡುತ್ತದೆ. ಅಲ್ಲಿಗೆ ನಿಮ್ಮ 5 ನಿಜವಾದ 5 ಅಲ್ಲ. ವಿಟಮಿನ್ ಸಿ ಬಗ್ಗೆ ನನ್ನ ತಕರಾರಿಲ್ಲ, ನಿಂಬೆಹಣ್ಣಿಗೆ ಅಷ್ಟು ದುಡ್ಡು ಕೊಡಬೇಕಿರಲಿಲ್ಲ ಅಷ್ಟೇ.

ಇನ್ನು ಮಗ ಕಳಿಸಿದ 'ಅಡ್ರಿನಲ್ ಫಟೀಗ್', ಅಂದರೆ ಅಡ್ರಿನಲ್ ದಣಿದು ಸುಸ್ತು ಬರುತ್ತದೆ ಅನ್ನುವ ಲೇಖನದ ವಿಷಯ. ಈ ಹೆಸರು ಇಟ್ಟವರು ಅಮೆರಿಕದ ಜೇಮ್ಸ್ ವಿಲ್ಸನ್ ಅನ್ನುವ ಕೈರೋಪ್ರಾಕ್ಟರ್ (ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು), 1998ರಲ್ಲಿ. 2016ರಲ್ಲಿ ಬ್ರೆಜಿಲಿನ ಇಬ್ಬರು ಸಂಶೋಧಕರು 58 ಅಧ್ಯಯನಗಳನ್ನು ಜಾಲಾಡಿ, ಇಂಥದ್ದೊಂದು ಕಾಯಿಲೆ ಇದೆ ಅನ್ನುವುದಕ್ಕೆ ಆಧಾರ ಇಲ್ಲ ಅಂದರು. ನಿಮ್ಮದು ಅದಲ್ಲ. ನಿಮಗೆ ಇರಬಹುದಾದದ್ದು ಅಡ್ರಿನಲ್ ಕೊರತೆ. ಅದು ನಿಜವಾದದ್ದು, ರಕ್ತದಲ್ಲಿ ಅಳೆಯಬಹುದಾದದ್ದು, ಅಸಡ್ಡೆ ಮಾಡಿದರೆ ಪ್ರಾಣಕ್ಕೇ ಬರುವಂಥದ್ದು. ಕೀಲುವಾತಕ್ಕೆ ಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್ ಮೊದಲು ಕೊಟ್ಟದ್ದು 1948ರಲ್ಲಿ, 1950ರಲ್ಲಿ ಅದಕ್ಕೆ ನೊಬೆಲ್ ಬಂತು, 1952ರ ಹೊತ್ತಿಗೆ ಅದನ್ನು ಬಿಟ್ಟು ಆಪರೇಶನ್ ಮಾಡಿಸಿಕೊಂಡ ರೋಗಿಯೊಬ್ಬರು ಸತ್ತ ವರದಿಯೂ ಬಂತು.

ನಮ್ಮ ಮನೆಯ ಪೆಟ್ಟು ಅಂದೆನಲ್ಲ, ಅದು ನಮ್ಮ ಕಾಕಾನದು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ, ಘಾಟಿಗೋ ಧೂಳಿಗೋ ದಮ್ಮು. ಯಾರೋ ಒಮ್ಮೆ ಬರೆದುಕೊಟ್ಟ ಸ್ಟಿರಾಯ್ಡ್ ಗುಳಿಗೆಯನ್ನು, ಅದು ಚೀಟಿ ಇಲ್ಲದೆ ಮಾರಬಾರದ ಔಷಧವಾದರೂ, ಹಳೇ ಚೀಟಿಯನ್ನೂ ತೋರಿಸದೆ ಎರಡು ವರ್ಷ ಅಂಗಡಿಯಿಂದ ತಂದು ನುಂಗಿದರು. ಆಮೇಲೆ ಒಂದು ಮದುವೆ ಊಟದಲ್ಲಿ ಯಾರೋ "ಸ್ಟಿರಾಯ್ಡ್ ತಿಂದ್ರ ಎಲಬು ಸವೀತಾವ" ಅಂದರು. ಮಾತು ಸುಳ್ಳೇನಲ್ಲ. ಆದರೆ ಕಾಕಾ ಮರುದಿನವೇ ಗುಳಿಗೆ ಪೂರ್ತಿ ಬಿಟ್ಟರು. ಎಂಟನೇ ದಿನಕ್ಕೆ ಜ್ವರ, ವಾಂತಿ. ಮೆಣಸಿನಕಾಯಿ ಚೀಲದ ಮೇಲೇ ಕುಸಿದರು. ಹುಬ್ಬಳ್ಳಿಗೆ ತರುವಷ್ಟರಲ್ಲಿ ಬಿಪಿ ಪಾತಾಳಕ್ಕೆ ಇಳಿದಿತ್ತು. "ಏನು ಗುಳಿಗೆ ತಗೊಳ್ತಾರೆ?" ಅಂತ ಡಾಕ್ಟರು ಕೇಳಿದರೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನ ತಮ್ಮ ಕಾಕಾನ ಅಂಗಿ ಜೇಬು ತಡಕಿದಾಗ ಗುಳಿಗೆಯ ಹಳೇ ಪಟ್ಟಿಯೊಂದು (ಸ್ಟ್ರಿಪ್) ಸಿಕ್ಕಿತು. ಕೂಡಲೇ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್ ಇಂಜೆಕ್ಷನ್, ಸಲೈನ್. ಮರುದಿನ ಬೆಳಗ್ಗೆ ಕಾಕಾ ಎದ್ದು ಕೂತು ಚಹಾ ಕೇಳಿದರು! ಆ ಪಟ್ಟಿ ಸಿಗದಿದ್ದರೆ ಏನಾಗುತ್ತಿತ್ತು ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ಅದಕ್ಕೆ ಒಂದು ಚೀಟಿಯಲ್ಲಿ "ನಾನು ಸ್ಟಿರಾಯ್ಡ್ ತಗೊಳ್ಳುತ್ತಿದ್ದೇನೆ" ಅಂತ ಬರೆದು, ಔಷಧದ ಹೆಸರು, ಪ್ರಮಾಣ ಹಾಕಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಗುಳಿಗೆ ಪೂರ್ತಿ ನಿಂತ ಮೇಲೂ ಒಂದು ವರ್ಷ ಅದು ಅಲ್ಲೇ ಇರಲಿ. ಜ್ವರ ಬಂದರೆ, ಹಲ್ಲು ಕೀಳಿಸುವುದಿದ್ದರೆ, ಆಪರೇಶನ್ ಇದ್ದರೆ ಪ್ರಮಾಣ ಏರಿಸಬೇಕಾಗುತ್ತದೆ, ಎಷ್ಟು ಅಂತ ಈಗಲೇ ಕೇಳಿ ಬರೆಸಿಕೊಳ್ಳಿ. ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ಚೀಟಿ ತೋರಿಸಿ. ಸೋಮವಾರದ ಒಪ್ಪತ್ತನ್ನೂ ಸದ್ಯಕ್ಕೆ ಬದಿಗಿಡಿ. ದೇವರು ಮುನಿಯುವುದಿಲ್ಲ, ಶುಗರ್ ಬಿದ್ದರೆ ಕಷ್ಟ.

ಡಾಕ್ಟರು ಬೈದರೆ ಬೈಸಿಕೊಳ್ಳಿ. ಮೂವತ್ತು ವರ್ಷ ಮಕ್ಕಳಿಗೆ ಬೈದವರು ನೀವು, ಒಂದು ದಿನ ಎದುರಿನ ಬೆಂಚಿನಲ್ಲಿ ಕೂತರೆ ಏನೂ ಆಗುವುದಿಲ್ಲ. ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು, ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಯಾವಾಗ ಮಾಡಿಸೋಣ ಅಂತ ಕೇಳಿ. 2024ರ ಅಮೆರಿಕ-ಯುರೋಪಿನ ಎಂಡೋಕ್ರೈನ್ (ಹಾರ್ಮೋನ್ ತಜ್ಞರ) ಸಂಘಗಳ ಮಾರ್ಗಸೂಚಿ ಪ್ರಕಾರ ಅದು ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಗ್ರಂಥಿ ಎದ್ದಿದೆ ಅಂತ ಲೆಕ್ಕ. 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಮಲಗಿದೆ. ನಡುವೆ ಇದ್ದರೆ ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ.

ರಕ್ತ ಕೊಡಬೇಕಾದದ್ದು ಬೆಳಗ್ಗೆ 8ರ ಸುಮಾರಿಗೆ, ಆ ದಿನದ ಗುಳಿಗೆ ನುಂಗುವ ಮೊದಲು. ರೋಣದಿಂದ ಮೊದಲ ಬಸ್ಸು ಹಿಡಿದು ಓಡಿ ಬರುವುದಕ್ಕಿಂತ ಹಿಂದಿನ ರಾತ್ರಿಯೇ ಹುಬ್ಬಳ್ಳಿಯ ತಂಗಿ ಮನೆಗೆ ಬಂದುಬಿಡಿ. ಆ ದಿನದ ಗುಳಿಗೆಯನ್ನು ಮನೆಯಲ್ಲಿ ಮರೆತು ಬರಬೇಡಿ. ಸೂಜಿ ತೆಗೆದ ಮೇಲೆ ಅಲ್ಲೇ ಏನಾದರೂ ತಿಂದು ನುಂಗಿಬಿಡಿ.