ಸಂಪಾದಕರ ಉತ್ತರ: ಹೊಸ ಟಿವಿಯಲ್ಲಿ ವಾರ್ತೆ ಮಸುಕಾಗಿದ್ದೇಕೆ?

ಚಿಂತಾಮಣಿಯ ಓದುಗರೊಬ್ಬರ ಪತ್ರದ ಸಾರಾಂಶ ಇಷ್ಟು: 32 ಇಂಚಿನ ಹಳೆಯ ಟಿವಿಯ ಜಾಗಕ್ಕೆ ಅವರ ಮಗ 55 ಇಂಚಿನ 4ಕೆ ಟಿವಿ ತಂದಿದ್ದಾರೆ. ಆದರೆ ಕೇಬಲ್‌ನಲ್ಲಿ ಬರುವ ವಾರ್ತೆ ಮೊದಲಿಗಿಂತ ಮಸುಕಾಗಿದೆ, ಸಿನಿಮಾಗಳೆಲ್ಲ ಧಾರಾವಾಹಿಯಂತೆ ಕಾಣುತ್ತಿವೆ, ಮಾತು ಸ್ಪಷ್ಟವಾಗಿ ಕೇಳಿಸುತ್ತಿಲ್ಲ. ದೋಷ ತಮ್ಮ ಕಣ್ಣಿನದೋ ಟಿವಿಯದೋ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ತಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ಎಚ್‌ಡಿ ಅಲ್ಲದ ಸಾಮಾನ್ಯ ಚಾನೆಲ್ಲಿನ ಚಿತ್ರವೊಂದರಲ್ಲಿ ಹೆಚ್ಚೆಂದರೆ 720 ಅಡ್ಡ, 576 ಉದ್ದ, ಅಂದರೆ ಸುಮಾರು 4 ಲಕ್ಷ ಚುಕ್ಕೆಗಳಿರುತ್ತವೆ. ತಮ್ಮ ಹೊಸ ಪರದೆಯಲ್ಲಿರುವುದು ಸುಮಾರು 83 ಲಕ್ಷ. ಹೀಗಾಗಿ ಪರದೆಯ ಪ್ರತಿ 20 ಚುಕ್ಕೆಗಳಲ್ಲಿ ಒಂದರಷ್ಟು ಮಾಹಿತಿ ಮಾತ್ರ ಕೇಬಲ್ಲಿನಿಂದ ಬರುತ್ತದೆ, ಉಳಿದ 19ನ್ನು ಟಿವಿಯೇ ಅಕ್ಕಪಕ್ಕ ನೋಡಿ ಊಹಿಸಿ ತುಂಬುತ್ತದೆ. ನಾಲ್ಕು ಜನಕ್ಕೆ ಮಾಡಿದ ಸಾರನ್ನು ಎಂಬತ್ತು ಜನಕ್ಕೆ ಬಡಿಸಿದರೆ ರುಚಿ ಹೇಗಿರುತ್ತದೋ ಚಿತ್ರವೂ ಹಾಗೆಯೇ ಇರುತ್ತದೆ. ತಾವು ಹತ್ತು ಅಡಿ ದೂರದಲ್ಲಿ ಕುಳಿತು ನೋಡುವುದಾಗಿ ಬರೆದಿದ್ದೀರಿ. ಅಷ್ಟು ದೂರದಿಂದ ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಹಳೆಯ ಟಿವಿಯಲ್ಲಿ ಆ ಚಾನೆಲ್ಲಿನ ಒಂದೊಂದು ಗೆರೆಯ, ಅಂದರೆ ಚುಕ್ಕೆಗಳ ಸಾಲಿನ, ದಪ್ಪವೂ ಈ ಮಿತಿಯೊಳಗೇ ಇತ್ತು, ಆದ್ದರಿಂದ ಕೊರತೆ ಕಾಣುತ್ತಿರಲಿಲ್ಲ. 55 ಇಂಚಿನಲ್ಲಿ ಅದೇ ಗೆರೆ ಮಿತಿ ಮೀರಿ ದಪ್ಪವಾಗಿದೆ. ಅದೇ ಲೆಕ್ಕದಲ್ಲಿ ನೋಡಿದರೆ, ಅಲ್ಲಿ ಕುಳಿತವರಿಗೆ ಫುಲ್ ಎಚ್‌ಡಿಗೂ (ಸುಮಾರು 20 ಲಕ್ಷ ಚುಕ್ಕೆ) 4ಕೆಗೂ ವ್ಯತ್ಯಾಸ ತಿಳಿಯುವುದೇ ಕಷ್ಟ. ಇನ್ನು 4ಕೆಯ ನಾಲ್ಕು ಪಟ್ಟು ಚುಕ್ಕೆಗಳಿರುವ 8ಕೆ ಮಾತನ್ನು ನಾವು ಆಡದಿರುವುದೇ ಲೇಸು.

ಹಾಗೆಂದು ಹೊಸ ತಂತ್ರಜ್ಞಾನವೆಲ್ಲ ಬರೀ ಬೂಟಾಟಿಕೆ ಎಂದು ನಾವು ಹೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಸುಧಾರಣೆ ಆಗಿರುವುದು ಕತ್ತಲೆ ಬೆಳಕುಗಳ ಅಂತರದಲ್ಲಿ. ಸಾಮಾನ್ಯ ಎಲ್‌ಇಡಿ ಟಿವಿಯಲ್ಲಿ ಪರದೆಯ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ ರಾತ್ರಿಯ ದೃಶ್ಯ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ, ಮತ್ತು ಈ ವ್ಯತ್ಯಾಸ ಕೋಣೆಯ ಯಾವ ಮೂಲೆಯಲ್ಲಿ ಕುಳಿತವರಿಗೂ ಕಾಣುತ್ತದೆ. ಆದರೆ ಕಡಿಮೆ ಬೆಲೆಯ ಟಿವಿಯ ಡಬ್ಬದ ಮೇಲೆ ಎಚ್‌ಡಿಆರ್ (ಕತ್ತಲೆ ಬೆಳಕುಗಳ ಅಂತರವನ್ನು ಹೆಚ್ಚಿಸಿ ತೋರಿಸುವ ವಿಧಾನ) ಎಂದು ಅಚ್ಚಾಗಿದ್ದರೆ ಅದನ್ನು ಪೂರ್ತಿ ನಂಬಬೇಕಿಲ್ಲ. ಅಂಥ ಟಿವಿ ಎಚ್‌ಡಿಆರ್ ಸಂಕೇತವನ್ನು ಓದುತ್ತದೆಯಾದರೂ, ಅದನ್ನು ತೋರಿಸುವಷ್ಟು ಪ್ರಖರತೆ ಅನೇಕ ವೇಳೆ ಅದಕ್ಕಿರುವುದಿಲ್ಲ. ಡಬ್ಬದ ಮೇಲೆ ಅಚ್ಚಾದದ್ದೆಲ್ಲ ಬಾಳುವುದೂ ಇಲ್ಲ: 2010ರ ಸುಮಾರಿಗೆ ಕನ್ನಡಕದ ಸಮೇತ ಬಂದ ತ್ರೀಡಿ ಟಿವಿಯನ್ನು 2017ರ ಹೊತ್ತಿಗೆ ದೊಡ್ಡ ತಯಾರಕರೆಲ್ಲ ಕೈಬಿಟ್ಟದ್ದು ತಮಗೆ ನೆನಪಿರಬಹುದು.

ಸಿನಿಮಾ ಧಾರಾವಾಹಿಯಂತೆ ಕಾಣುವುದಕ್ಕೆ ಕಾರಣ ಬೇರೆ. ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುತ್ತಾರೆ. ಹೊಸ ಟಿವಿ ಅವುಗಳ ನಡುವೆ ತಾನೇ ಸೃಷ್ಟಿಸಿದ ಚಿತ್ರಗಳನ್ನು ಸೇರಿಸಿ ಚಲನೆಯನ್ನು ನುಣುಪು ಮಾಡುತ್ತದೆ. ಕ್ರಿಕೆಟ್ಟಿಗೆ ಇದು ಒಪ್ಪಬಹುದು, ಸಿನಿಮಾಕ್ಕೆ ಖಂಡಿತ ಒಪ್ಪದು. ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಎಂಬ ಪದವಿರುವ ಆಯ್ಕೆಯನ್ನು ಆಫ್ ಮಾಡಿ, ವಿವಿಡ್ ಎಂದಿರುವುದನ್ನು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಬದಲಿಸಿ. ವಿವಿಡ್ ಇರುವುದು ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಗಿರಾಕಿಯ ಕಣ್ಣು ಸೆಳೆಯಲಿಕ್ಕೆ, ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ಸಾಲಾಗಿ ಉರಿಯುವ ಟಿವಿಗಳ ಮುಂದೆ ನಿಂತರೆ ಇದು ಯಾರಿಗಾದರೂ ತಿಳಿಯುತ್ತದೆ. ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ರಾಜ್‌ಕುಮಾರ್ ಅವರ ಮುಖ ಅಗಲವಾಗಿ ಕಂಡರೆ ಪರದೆಯ ಅನುಪಾತವನ್ನು 4:3ಕ್ಕೆ ಇಳಿಸಿರಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಮಾತು ಕೇಳಿಸದಿರುವುದು ತೆಳು ಟಿವಿಗಳ ಹುಟ್ಟುಗುಣ. ಸ್ಪೀಕರ್‌ಗಳಿಗೆ ಜಾಗವಿಲ್ಲ, ಅವು ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತವೆ. ಸಾಧಾರಣ ಸೌಂಡ್‌ಬಾರ್ (ಟಿವಿಯ ಮುಂದೆ ಇಡುವ ಉದ್ದನೆಯ ಸ್ಪೀಕರ್) ಒಂದನ್ನು ಜೋಡಿಸಿದರೆ ತಮ್ಮ ಮನೆಯಲ್ಲಿ 4ಕೆಗಿಂತ ಹೆಚ್ಚು ಪ್ರಯೋಜನವಾದೀತು.

ಕೊನೆಯದಾಗಿ, ಟಿವಿಯ ಹಿಂಭಾಗವನ್ನು ಒಮ್ಮೆ ನೋಡಿ. ಸೆಟ್‌ಟಾಪ್ ಬಾಕ್ಸಿನಿಂದ ಕೆಂಪು, ಬಿಳಿ, ಹಳದಿ ವೈರುಗಳು ಬಂದಿದ್ದರೆ ಎಚ್‌ಡಿ ಚಿತ್ರ ಆ ದಾರಿಯಲ್ಲಿ ಬರಲಾರದು. ಕೇಬಲ್‌ನವರಿಗೆ ಹೇಳಿ ಎಚ್‌ಡಿ ಬಾಕ್ಸ್ ಹಾಕಿಸಿಕೊಂಡು, ಅದನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸಿ, ತಾವು ನೋಡುವ ಚಾನೆಲ್ಲಿಗೆ ಎಚ್‌ಡಿ ಆವೃತ್ತಿ ಇದೆಯೇ ಎಂದು ವಿಚಾರಿಸಿಕೊಳ್ಳಿ. ಇಲ್ಲದಿದ್ದಲ್ಲಿ ವಾರ್ತೆಯ ಮಟ್ಟಿಗೆ ಹಳೆಯ ಟಿವಿಯನ್ನೇ ಒಳಕೋಣೆಯಲ್ಲಿ ಇರಿಸಿಕೊಳ್ಳುವುದು ಸೂಕ್ತ.

— ಸಂಪಾದಕ