ಮೊದಲು ಬಟ್ಟೆಯ ತೂಕ, ಆಮೇಲೆ ಬಣ್ಣ: ಕೌದಿ ಹೊಲಿಯುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲಿ ಐದಾರು ಹಳೆಯ ಇಳಕಲ್ ಸೀರೆಗಳಿವೆ. ಕೆಂಪು, ಹಸಿರು, ಹಳದಿ ಎಲ್ಲ ಕೂಡಿಸಿ ಡಬಲ್ ಮಂಚಕ್ಕಾಗುವ ಕೌದಿ ಹೊಲಿಯಬೇಕೆಂದು ನನ್ನ ಆಸೆ. ಸೊಸೆಗೆ ಬಿಳಿ, ಬೂದು ಬಣ್ಣದ್ದೇ ಬೇಕಂತೆ, ತೇಪೆ ಕಡಿಮೆ ಇರಬೇಕಂತೆ. ಈಗ ಅದೇ ನಡೆಯುತ್ತದೆ ಅನ್ನುತ್ತಾಳೆ. ಯಾರ ಮಾತು ಕೇಳಲಿ? (ಕುಷ್ಟಗಿ)

ಉತ್ತರ: ಯಾರು ಹೊದ್ದುಕೊಳ್ಳುತ್ತಾರೋ ಅವರ ಮಾತು ಕೇಳಿ. ಬಣ್ಣದಲ್ಲಿ ಸರಿ ತಪ್ಪು ಎಂಬುದಿಲ್ಲ. ಆದರೆ ನಿಮ್ಮಿಬ್ಬರ ಇಷ್ಟಗಳು ನೀವು ತಿಳಿದಷ್ಟು ದೂರವಿಲ್ಲ.

ಹತ್ತಾರು ಬಣ್ಣದ ಕೌದಿ ಕಣ್ಣಿಗೆ ಹಿತವಾಗಿ ಕಂಡರೆ ಅದಕ್ಕೆ ಕಾರಣ ಬಣ್ಣಕ್ಕಿಂತ ಹೆಚ್ಚಾಗಿ ತಿಳಿ, ನಡುತರ, ಗಾಢ ಎಂಬ ಮೂರು ಮಟ್ಟಗಳು. ತುಂಡುಗಳನ್ನು ನೆಲದ ಮೇಲೆ ಹರಡಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಕೆಂಪು ಮತ್ತು ಹಸಿರು ಒಂದೇ ಬೂದು ಬಣ್ಣವಾಗಿ ಕಂಡರೆ, ಎಷ್ಟು ಜೋಡಿಸಿದರೂ ವಿನ್ಯಾಸ ಎದ್ದು ಬರುವುದಿಲ್ಲ. ನಡುವೆ ತಿಳಿ ಬಣ್ಣದ ಒಂದು ಸಾಲು ಸೇರಿಸಿದರೆ ಎರಡೂ ಬೇರೆಯಾಗಿ ನಿಲ್ಲುತ್ತವೆ. ಸೊಸೆಗೆ ಒಪ್ಪುವಂತೆ ಮಾಡಲು ಕೌದಿಯ ನೆಲವನ್ನು (ಹಿನ್ನೆಲೆಯನ್ನು) ಬಿಳಿಯ ಕಾಟನ್‌ನಲ್ಲಿ ಬಿಟ್ಟು, ಇಳಕಲ್ ಅಂಚನ್ನು ಒಂದು ಬದಿಗೆ ಸರಿಸಿ ಎರಡೇ ಸಾಲು ಕೂಡಿಸಿ. ಒಂದು ಮಾತು ಮೊದಲೇ ತಿಳಿದಿರಲಿ: ಹೂವಿನ ಬಟ್ಟೆಯಲ್ಲಿ ಹೊಲಿಗೆ ಸೊಟ್ಟಾದರೆ ಯಾರಿಗೂ ಕಾಣದು, ಬಿಳಿ ನೆಲದಲ್ಲಿ ಪ್ರತಿ ಚುಕ್ಕಿಯೂ ಕಾಣುತ್ತದೆ. ತೇಪೆ ಕಡಿಮೆಯಾದಷ್ಟೂ ಕೈಕೆಲಸ ಕಠಿಣವಾಗುತ್ತದೆ.

‘ಈಗಿನದು’ ಎನ್ನುವ ಎಷ್ಟೋ ವಿನ್ಯಾಸಗಳು ಬಡ ಮನೆಗಳಲ್ಲಿ ಹುಟ್ಟಿದವು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಜನಾಂಗದ ಹೆಣ್ಣುಮಕ್ಕಳು ಹೊಲದ ಕೆಲಸದ ಸವೆದ ಪ್ಯಾಂಟು, ಅಂಗಿಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು. ದೊಡ್ಡ ತುಂಡು, ಓರೆ ಗೆರೆ, ಖಾಲಿ ನೆಲ ಎಲ್ಲ ಅವುಗಳಲ್ಲಿ ಇದ್ದವು. ಕೈಗೆ ಸಿಕ್ಕ ಬಟ್ಟೆಯನ್ನು ಕಣ್ಣಳತೆಯಲ್ಲಿ ಕೂಡಿಸುವುದನ್ನು ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳಲ್ಲೂ ನೋಡಬಹುದು.

ಇನ್ನು ಲೆಕ್ಕ. ಸೀರೆ ಐದೂವರೆ ಮೀಟರ್ ಎಂದರೆ ಸುಮಾರು 216 ಇಂಚು. 90 ಇಂಚಿನ ಎರಡು ಪಟ್ಟಿ ಕತ್ತರಿಸಿ ಅಗಲಕ್ಕೆ ಕೂಡಿಸಿದರೆ ಸುಮಾರು 87 ಇಂಚು ಅಗಲ ಬರುತ್ತದೆ, ಅಂದರೆ ಡಬಲ್ ಮಂಚದ ಕೌದಿಗೆ ಒಂದು ಪದರ. ಮಿಕ್ಕ ಒಂದು ಗಜದಲ್ಲಿ ಸೆರಗು ಉಳಿಯುತ್ತದೆ, ಅದನ್ನು ಮೇಲಿನ ತೇಪೆಗೆ ಇಟ್ಟುಕೊಳ್ಳಿ. ಒಳಗೆ ಮೂರು ಪದರ ಸಾಕು, ಅಂದರೆ ಮೂರು ಸೀರೆ.

ಇಳಕಲ್ ಸೆರಗಿನ ಬಗ್ಗೆ ಮಾತ್ರ ಬಹಳ ಎಚ್ಚರ ಬೇಕು. ಒಡಲಿನ ಹಾಸು ನೂಲಿಗೂ (ಉದ್ದುದ್ದ ಹೋಗುವ ಎಳೆ) ಸೆರಗಿನ ಹಾಸು ನೂಲಿಗೂ ಕೊಂಡಿ ಹಾಕಿ ನೇಯ್ದಿರುತ್ತಾರೆ, ಅದೇ ತೋಪು ತೆನೆ. ಹಳೆಯ ಸೀರೆಯಲ್ಲಿ ಆ ಕೂಡುಗೆರೆ ಬೇಗ ಬಿಡುತ್ತದೆ. ಕತ್ತರಿ ಹಾಕುವ ಮೊದಲು ಗೆರೆಯ ಎರಡೂ ಪಕ್ಕಕ್ಕೆ ಮಿಷನ್ ಹೊಲಿಗೆ ಹಾಕಿ. ಸೆರಗು ಆರ್ಟ್ ಸಿಲ್ಕ್ (ರೇಯಾನ್ ಎಂಬ ಕೃತಕ ರೇಷ್ಮೆ) ಆಗಿದ್ದರೆ ಅದು ನೀರಿನಲ್ಲಿ ನೆನೆದಾಗ ಬಲ ಕಳೆದುಕೊಳ್ಳುವ ನೂಲು. ಹಿಂದೆ ತೆಳು ಕಾಟನ್ ಕೊಡದಿದ್ದರೆ ಒಗೆಯುವಾಗಲೇ ಹರಿಯುತ್ತದೆ.

ಕೆಂಪು ಬಣ್ಣ ಬಿಡುತ್ತದೆಯೋ ನೋಡಲು ಒಳತುದಿಯಿಂದ ಎರಡಿಂಚು ತುಂಡನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ಬಟ್ಟೆಯ ನಡುವೆ ಒತ್ತಿ. ಕಲೆ ಬಿದ್ದರೆ ಆ ಸೀರೆಯನ್ನು ಬೇರೆಯಾಗಿ, ನೀರು ತಿಳಿಯಾಗುವವರೆಗೆ ಒಗೆಯಿರಿ. ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ. ಬಿಡುವ ಬಣ್ಣವನ್ನು ಅವು ಹಿಡಿದಿಡುವುದಿಲ್ಲ. ನಾಲ್ಕೈದು ಒಗೆತದ ನಂತರವೂ ಬಿಟ್ಟರೆ ಅದನ್ನು ಬಿಳಿಯ ಪಕ್ಕ ಇಡಲೇಬೇಡಿ.

ಪ್ರಶ್ನೆ: ಜೀನ್ಸ್ ತುಂಡುಗಳ ಕೌದಿಗೆ ಈಗ ಬೇಡಿಕೆ ಇದೆ. ನಮ್ಮಲ್ಲಿ ಕಟ್‌ಪೀಸ್ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಒಂದು ಹೊಲಿದೆ, ಅಲೆ ಅಲೆಯಾಗಿ ಎದ್ದಿತು, ಮೂರು ಸೂಜಿ ಮುರಿದವು, ಹೊದ್ದರೆ ಎತ್ತಲಾರದಷ್ಟು ಭಾರ. ಎಲ್ಲಿ ತಪ್ಪಿದೆ? (ಬಳ್ಳಾರಿ)

ಉತ್ತರ: ಭಾರದಿಂದಲೇ ಶುರು ಮಾಡೋಣ. ಸಾಮಾನ್ಯ ಜೀನ್ಸ್ ಬಟ್ಟೆ ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತದೆ. ಅಂಗಿಯ ಕಾಟನ್ 100ರಿಂದ 130 ಗ್ರಾಂ. ಸೀರೆ ಕೌದಿಯ ರೂಢಿಯಂತೆ ಜೀನ್ಸ್ ಒಳಗೂ ಮೂರು ಪದರ ತುಂಬಿದ್ದರೆ ಅದು ಎತ್ತಲಾರದಂತೆ ಆಗುವುದು ಸಹಜ. ಜೀನ್ಸಿಗೆ ಒಳಪದರ ಬೇಡವೇ ಬೇಡ. ಮೇಲೆ ಜೀನ್ಸ್, ಕೆಳಗೆ ಒಂದು ಕಾಟನ್ ಅಸ್ತರು, ಅಷ್ಟೇ. 60×90 ಇಂಚಿನ ಕೌದಿಗೆ 7 ಇಂಚಿನ ಚೌಕಗಳು 150 ಬೇಕು (ಹತ್ತು ಅಡ್ಡ, ಹದಿನೈದು ಉದ್ದ). ಎಲ್ಲ ಕಡೆ ಅರ್ಧ ಇಂಚು ಹೊಲಿಗೆಗೆ ಹೋಗಿ 6 ಇಂಚು ಉಳಿಯುತ್ತದೆ. ಆ ಚೌಕಗಳದೇ ತೂಕ ಸುಮಾರು 2 ಕೆ.ಜಿ. ಕತ್ತರಿಸುವಾಗ ಹಾಳಾಗುವುದನ್ನು ಸೇರಿಸಿ 3 ಕೆ.ಜಿ. ತುಂಡು ಕೊಳ್ಳಿ.

ಅಲೆ ಏಳುವುದಕ್ಕೆ ಕಾರಣ ಸ್ಟ್ರೆಚ್ ಜೀನ್ಸ್. ಈಗಿನ ಜೀನ್ಸುಗಳಲ್ಲಿ ಲೈಕ್ರಾ ಎಂಬ ಹಿಗ್ಗುವ ನೂಲು ಶೇ ಒಂದೆರಡರಷ್ಟು ಇರುವುದೇ ಹೆಚ್ಚು. ಅದರ ಪಕ್ಕ ಗಟ್ಟಿ ಜೀನ್ಸ್ ಹೊಲಿದರೆ ಮಿಷನ್ ಕೆಳಗೆ ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ. ಪ್ರತಿ ತುಂಡನ್ನೂ ಅಡ್ಡಕ್ಕೆ ಎಳೆದು ನೋಡಿ ಎರಡು ಗುಂಪು ಮಾಡಿ. ಎರಡನ್ನೂ ಒಂದೇ ಕೌದಿಗೆ ಬೆರೆಸಬೇಡಿ. ಬೆರೆಸಲೇಬೇಕಾದರೆ ಹಿಗ್ಗುವ ತುಂಡಿನ ಹಿಂದೆ ದರ್ಜಿಗಳು ಕಾಲರಿಗೆ ಅಂಟಿಸುವ ಕ್ಯಾನ್ವಾಸಿನ ತೆಳು ಬಗೆಯನ್ನು ಇಸ್ತ್ರಿಯಿಂದ ಅಂಟಿಸಿ.

ಕಟ್‌ಪೀಸುಗಳು ಇನ್ನೂ ವಾಷಿಂಗಿಗೆ ಹೋಗದ ಬಟ್ಟೆ. ಗಂಜಿ ಇರುತ್ತದೆ, ನೀಲಿ ಉಜ್ಜಿದರೂ ಹತ್ತುತ್ತದೆ, ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಹಾಗಾಗಿ ಕತ್ತರಿಸುವ ಮೊದಲೇ ಎರಡು ಮೂರು ಸಲ ಒಗೆಯಿರಿ. ಅಸ್ತರಿಗೆ ಗಾಢ ಬಣ್ಣ ಆರಿಸಿ, ಬಿಳಿ ಹಾಕಿದರೆ ವರ್ಷದೊಳಗೆ ನೀಲಿಯಾಗುತ್ತದೆ.

ಸೂಜಿ ಮುರಿಯುವುದು ನಾಲ್ಕು ಚೌಕ ಕೂಡುವ ಮೂಲೆಯಲ್ಲಿ. ಹೊಲಿಗೆಗೆ ಬಿಟ್ಟ ಅಂಚನ್ನು ಒಂದೇ ಕಡೆ ಮಡಚಿದರೆ ಅಲ್ಲಿ ಹಲವು ಪದರ ಒಂದರ ಮೇಲೊಂದು ಬೀಳುತ್ತವೆ. ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ, ಮೂಲೆಯನ್ನು ಮರದ ಸುತ್ತಿಗೆಯಿಂದ ತಟ್ಟಿ. ಇನ್ನೂ ಒಳ್ಳೆಯದೆಂದರೆ ಇಟ್ಟಿಗೆ ಗೋಡೆಯಂತೆ ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ಚೌಕ ಸರಿಸಿ. ಆಗ ನಾಲ್ಕು ಮೂಲೆ ಒಂದೆಡೆ ಬರುವುದೇ ಇಲ್ಲ, ನೋಡಲೂ ಚೆನ್ನಾಗಿರುತ್ತದೆ. ಸೂಜಿ 16 ಅಥವಾ 18 ನಂಬರಿನದು, ಹೊಲಿಗೆಯ ಉದ್ದ 3ರಿಂದ 3.5 ಮಿ.ಮೀ. ಹಳೆಯ ಪ್ಯಾಂಟು ಬಳಸುವುದಾದರೆ ಕಾಲಿನ ಪಕ್ಕದ ಡಬಲ್ ಹೊಲಿಗೆಯನ್ನು ಕತ್ತರಿಸಿ ತೆಗೆಯಿರಿ. ಅಸ್ತರು ಕೂಡಿಸಲು ಮೈತುಂಬ ಹೊಲಿಗೆ ಬೇಕಿಲ್ಲ, ದಪ್ಪ ಹತ್ತಿ ದಾರದಲ್ಲಿ ಪ್ರತಿ 6 ಇಂಚಿಗೆ ಒಂದು ಗಂಟು ಹಾಕಿದರೆ ಸಾಕು.

ಪ್ರಶ್ನೆ: ಪೆಟ್ಟಿಗೆ ತುಂಬ ಸೀರೆ ಇವೆ, ಆದರೆ ಎಲ್ಲ ಸಿಂಥೆಟಿಕ್. ಕಾಟನ್ ಸೀರೆ ಉಡುವವರೇ ಇಲ್ಲವಾದರು. ಇವುಗಳಿಂದ ಕೌದಿ ಆಗುತ್ತದೆಯೇ? (ಸಿಂಧನೂರು)

ಉತ್ತರ: ಆಗುತ್ತದೆ, ಆದರೆ ಮೈಗೆ ತಾಗುವ ಪದರ ಕಾಟನ್ ಆಗಿರಬೇಕು. ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ ಅರ್ಧವನ್ನೂ ಹಿಡಿಯುವುದಿಲ್ಲ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವಾಗ ಇದರ ಅರ್ಥ ಬೆವರು ಮೈಮೇಲೇ ನಿಲ್ಲುತ್ತದೆ. ಮೇಲಿನ ಒಂದು ಪದರ ಸಿಂಥೆಟಿಕ್, ಒಳಗೆ ಒಂದು, ಕೆಳಗೆ ಧೋತರ ಅಥವಾ ಹಳೆಯ ಕಾಟನ್ ಬೆಡ್‌ಶೀಟ್: ಇದು ಚಳಿಗಾಲಕ್ಕೆ ಹೊದಿಕೆ, ಉಳಿದ ದಿನ ಹಾಸಿಗೆ.

ಯಾವುದು ಯಾವ ಬಟ್ಟೆ ಎಂದು ಅನುಮಾನವಿದ್ದರೆ ಒಂದೆರಡು ಎಳೆ ತೆಗೆದು ತಟ್ಟೆಯ ಮೇಲೆ, ಪಕ್ಕದಲ್ಲಿ ನೀರಿಟ್ಟುಕೊಂಡು ಸುಟ್ಟು ನೋಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಬೆಂಕಿ ತಗುಲಿದರೆ ಅದೇ ರೀತಿ ಮೈಗೆ ಅಂಟುತ್ತದೆ, ಆದ್ದರಿಂದ ಕೂಸಿನ ಕೌದಿಗೆ, ಒಲೆಯ ಹತ್ತಿರ ಹಾಸುವುದಕ್ಕೆ ಇದು ಬೇಡ. ಹೊಲಿಯುವಾಗ ಜಾರುತ್ತದೆ, ನಾಲ್ಕು ಇಂಚಿಗೊಂದು ಕಚ್ಚಾ ಹೊಲಿಗೆ ಹಾಕಿ. ಎಳೆ ಬಿಚ್ಚುವುದರಿಂದ ಅಂಚನ್ನು ಮುಕ್ಕಾಲು ಇಂಚು ಒಳಗೆ ಮಡಚಿ. ಮಷಿನ್ನಿಗೆ 11 ನಂಬರಿನ ಹೊಸ ಸೂಜಿ ಹಾಕಿ. ಈ ಬಟ್ಟೆಯ ಒಂದು ಗುಣ ಮೆಚ್ಚಬೇಕು: ಬಣ್ಣ ಒಗೆತಕ್ಕೂ ಬಿಸಿಲಿಗೂ ಬೇಗ ಬಗ್ಗುವುದಿಲ್ಲ.

ಪ್ರಶ್ನೆ: ಅಂಚಿನಿಂದ ಸುತ್ತ ಹೊಲಿಯುತ್ತ ನಡುವಿಗೆ ಬಂದಾಗ ಬಟ್ಟೆ ಉಬ್ಬುತ್ತದೆ. ಏಕೆ? (ಮಾನ್ವಿ)

ಉತ್ತರ: ಪ್ರತಿ ಹೊಲಿಗೆಯೂ ಮೇಲಿನ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ನಾಲ್ಕೂ ಕಡೆಯಿಂದ ತಳ್ಳಿದ್ದೆಲ್ಲ ನಡುವೆ ಸೇರುತ್ತದೆ. ಮೊದಲು ಪದರಗಳನ್ನು ನೆಲದ ಮೇಲೆ ಬಿಗಿಯಾಗಿ ಹರಡಿ, ನಡುವಿನಿಂದ ಹೊರಕ್ಕೆ ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಅಂಚಿನಿಂದ ಸುತ್ತಿ. ದಾರವನ್ನು ಜಗ್ಗಬೇಡಿ. ಸಾಲುಗಳ ನಡುವೆ ಅರ್ಧ ಇಂಚಿಗಿಂತ ಕಡಿಮೆ ಬಿಟ್ಟರೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ.

ಪ್ರಶ್ನೆ: ಸಂಡೂರಿನ ಲಂಬಾಣಿ ಕಸೂತಿಯ ತುಂಡೊಂದು ಇದೆ, ಕನ್ನಡಿ ಮತ್ತು ಕವಡೆ ಹಚ್ಚಿದ್ದು. ಕೌದಿಯ ನಡುವೆ ಹಚ್ಚಬಹುದೇ? (ಗಂಗಾವತಿ)

ಉತ್ತರ: ಹೊದೆಯುವ ಕೌದಿಗೆ ಬೇಡ. ಮಲಗಿದಾಗ ಚುಚ್ಚುತ್ತದೆ, ಕಲ್ಲಿಗೆ ಬಡಿದು ಒಗೆದರೆ ಕನ್ನಡಿ ಒಡೆಯುತ್ತದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ (ಜಿಐ, ಆ ಊರಿನದೇ ಕೆಲಸ ಎಂಬ ಗುರುತು) ಮನ್ನಣೆ ಇದೆ, ಅಂಥ ಕೈಕೆಲಸವನ್ನು ಒಗೆತಕ್ಕೆ ಕೊಡುವುದು ನಷ್ಟ. ಅದನ್ನು ಗೋಡೆಗೆ ತೂಗುವ ಕೌದಿಯ ನಡುವೆ ಇಡಿ. ಹಿಂದೆ ದಪ್ಪ ಕಾಟನ್ ಕೊಟ್ಟು ತುಂಡಿನ ಅಂಚಿಗೆ ಮಾತ್ರ ಹೊಲಿಯಿರಿ, ಕನ್ನಡಿಯ ಸುತ್ತಲ ಹೊಲಿಗೆಯ ಮೇಲೆ ಸೂಜಿ ಹಾಯಿಸಬೇಡಿ. ಮೇಲಂಚಿಗೆ 3 ಇಂಚಿನ ಬಟ್ಟೆಯ ಕೊಳವೆ ಹೊಲಿದು ಅದರಲ್ಲಿ ಕೋಲು ತೂರಿಸಿದರೆ ಭಾರ ಸಮನಾಗಿ ಹಂಚಿಕೊಳ್ಳುತ್ತದೆ. ಮೊಳೆಗೆ ಎರಡು ಮೂಲೆ ಸಿಕ್ಕಿಸಿದರೆ ನಡುಭಾಗ ಜೋತು ಬೀಳುತ್ತದೆ. ನೇರ ಬಿಸಿಲು ಬೀಳುವ ಗೋಡೆಯನ್ನು ಬಿಡಿ.