ಹೊಡೆದುಹಾಕಿದ ಸಾಲಿಗೆ ಉತ್ತರ

ಪ್ರಿಯ ಓದುಗರೇ,

ನಿಮ್ಮ ಪತ್ರ ಹದಿನೈದು ದಿನದಿಂದ ನನ್ನ ಮೇಜಿನ ಮೇಲೇ ಇದೆ. ನಾಲ್ಕು ಹಾಳೆ, ಎರಡೂ ಮಗ್ಗುಲು, ಅದೂ ಸಾಲದೆ ಅಂಚಿನಲ್ಲಿ ಅಡ್ಡಡ್ಡ. ಇಷ್ಟುದ್ದದ ಪತ್ರ ಬಂದರೆ ಕಚೇರಿಯಲ್ಲಿ ಎಲ್ಲರೂ ಮೊದಲು ಗೊಣಗುತ್ತಾರೆ, ಆಮೇಲೆ ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಓದುತ್ತಾರೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಸಾರಾಂಶ ಹೇಳಿ ಜಗಳಕ್ಕೆ ಇಳಿಯುತ್ತೇನೆ.

ಮೂರು ತಿಂಗಳಲ್ಲಿ ಏಳು ಕಾದಂಬರಿ ಓದಿದ್ದೀರಿ. ನಾಲ್ಕು ಈ ಕಾಲದ ಬದುಕಿನವು: ಕಿವಿ ಕೇಳದ ಹುಡುಗಿ ಹೊಸ ಶಾಲೆಗೆ ಸೇರುವುದು, ದೇಶ ಬಿಟ್ಟು ಬಂದವರ ಮಕ್ಕಳ ಪಾಡು, ಪರಸ್ಪರ ಪ್ರೀತಿಸುವ ಇಬ್ಬರು ಹುಡುಗರು, ಹೀಗೆ. ಉಳಿದ ಮೂರು ಫ್ಯಾಂಟಸಿ. ಮೊದಲ ನಾಲ್ಕಕ್ಕೆ ನೀವು ಬಳಸಿದ ಮಾತು ‘ಸತ್ಯ’. ಈ ಮೂರಕ್ಕೆ ‘ಹೊತ್ತು ಕಳೆಯಲು ಅಡ್ಡಿಯಿಲ್ಲ’. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಮೂರನೇ ಹಾಳೆಯಲ್ಲಿ ಕೇಳಿದ್ದೀರಿ: ‘ಇಲ್ಲದ ಲೋಕದ ಮಾಂತ್ರಿಕನ ಮೈಬಣ್ಣ ಯಾವುದಾದರೇನು? ಅದನ್ನೂ ಲೆಕ್ಕ ಹಾಕಿ ಹಂಚಬೇಕೆ?’ ಅದರ ಕೆಳಗೇ ಇನ್ನೊಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಹಾಜರಿ ಪುಸ್ತಕ ಓದಿದಂತೆ ಬರೆದ ಕಾದಂಬರಿಗಳಿವೆ. ಹೆಸರು ಕೂಗಿದಾಗ ಒಂದೊಂದು ಪಾತ್ರ ಎದ್ದು ‘ಇದ್ದೇನೆ’ ಎಂದು ಕೂತುಬಿಡುತ್ತದೆ, ಆಮೇಲೆ ಅದಕ್ಕೆ ಕೆಲಸವೇ ಇಲ್ಲ. ಅಂಥವನ್ನು ನಾನೂ ಅರ್ಧಕ್ಕೆ ಮಡಚಿಟ್ಟಿದ್ದೇನೆ. ಇಷ್ಟು ಒಪ್ಪಿಕೊಂಡಾಯಿತು.

ಈಗ ನನ್ನ ಸರದಿ. ‘ಯಾವುದಾದರೇನು’ ಎಂಬ ಪ್ರಶ್ನೆ ಎಷ್ಟು ನ್ಯಾಯವಾಗಿ ಕೇಳಿಸುತ್ತದೆ! ನಿಜವಾಗಿ ಯಾವುದಾದರೂ ನಡೆಯುವಂತಿದ್ದರೆ ಬಿಳಿ ಬಣ್ಣವೊಂದೇ ಯಾಕೆ ಇಷ್ಟು ಕಾಲ ಬಂತು? ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಎಂಬ ಫ್ಯಾಂಟಸಿ ಬರೆದರು. ಅದರ ಮಾಂತ್ರಿಕ ಹುಡುಗನದು ಕೆಂಪು ಬೆರೆತ ಕಂದು ಮೈಬಣ್ಣ, ಅವನ ಜೀವದ ಗೆಳೆಯ ಕಡುಕಪ್ಪು. ದಂಡೆತ್ತಿ ಬಂದು ಊರು ಸುಡುವವರೇ ಬಿಳಿಯರು. ಇದನ್ನು ಅವರು ಡಂಗುರ ಹೊಡೆಯಲಿಲ್ಲ. ಓದುಗ ಹುಡುಗನ ಜೊತೆ ನಾಲ್ಕು ಹೆಜ್ಜೆ ನಡೆದು ಅವನನ್ನು ತನ್ನವನೆಂದುಕೊಂಡ ಮೇಲೆ, ಮಾತಿನ ನಡುವೆ ಬಣ್ಣ ತಿಳಿಯುವ ಹಾಗೆ ಬೇಕೆಂದೇ ಬರೆದರು. ಆಮೇಲೇನಾಯಿತು? ಒಂದರ ಹಿಂದೊಂದು ಆವೃತ್ತಿಯ ಮುಖಪುಟದಲ್ಲಿ ಹುಡುಗ ಬೆಳ್ಳಗಾದ. 2004ರಲ್ಲಿ ಟಿವಿಗೆ ಬಂದಾಗಲೂ ಬಿಳಿಯ ನಟನೇ. 75 ವರ್ಷದ ಲೇಖಕಿ ಕೂತು ಪ್ರತಿಭಟನೆಯ ಲೇಖನ ಬರೆಯಬೇಕಾಯಿತು. ಬಣ್ಣ ಯಾವುದಾದರೂ ಆದೀತು ಅನ್ನುವವರು ಅದನ್ನು ಬದಲಿಸಲು ಇಷ್ಟು ಕಷ್ಟ ಯಾಕೆ ಪಡುತ್ತಾರೆ, ಹೇಳಿ?

ನಿಮಗೆ ಮೆಚ್ಚುಗೆಯಾದ ‘ಸತ್ಯ’ದ ಪಾಳಯದಲ್ಲೂ ಇದೇ ಕಥೆ. 2009ರಲ್ಲಿ ಜಸ್ಟೀನ್ ಲಾರ್ಬಲೆಸ್ಟಿಯರ್ ಅವರ ಕಾದಂಬರಿ ‘ಲಯರ್’ ಬಂತು. ಕಥೆ ಹೇಳುವವಳು ಮೋಟುಗೂದಲಿನ ಕಪ್ಪು ಹುಡುಗಿ, ಮೇಲಾಗಿ ಸುಳ್ಳುಗಾತಿ. ಅಮೆರಿಕದ ಆವೃತ್ತಿಗೆ ಸಿದ್ಧವಾದ ಮುಖಪುಟದಲ್ಲಿ ಉದ್ದ ನೇರ ಕೂದಲಿನ ಬಿಳಿ ಹುಡುಗಿ. ಮೊದಲೇ ಪ್ರತಿ ಸಿಕ್ಕಿದ ಕೆಲವರು ಚಿತ್ರವನ್ನು ನಂಬಿ, ಇವಳು ಬಣ್ಣದ ವಿಷಯದಲ್ಲೂ ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡರು! ಗದ್ದಲವೆದ್ದು ಮುಖಪುಟ ಬದಲಾಯಿತು. ಆದರೆ ನೋಡಿ, ಮುನ್ನೂರು ಪುಟದ ಮಾತಿಗಿಂತ ಒಂದು ಚಿತ್ರಕ್ಕೆ ಹೆಚ್ಚು ನಂಬಿಕೆ.

ಬೇರೆಯವರನ್ನು ಬೈಯುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತು. ಮಕ್ಕಳ ಕಥೆಯೊಂದಕ್ಕೆ ಚಿತ್ರ ಬಂತು. ಎರಡನೇ ಪ್ಯಾರಾದಲ್ಲೇ ‘ಇದ್ದಿಲಿನಂಥ ಬಣ್ಣ’ ಎಂದಿದ್ದ ಹುಡುಗಿ ಚಿತ್ರದಲ್ಲಿ ಹಾಲಿನ ಹಾಗೆ ಹೊಳೆಯುತ್ತಿದ್ದಳು. ನೋಡಿದೆ. ಪುಟ ಕಟ್ಟುವ ಹೊತ್ತು ಮೀರಿತ್ತು. ಕಾಗುಣಿತ ತಿದ್ದಿ ಸಹಿ ಹಾಕಿದೆ. ತಿಂಗಳ ನಂತರ ಪೆನ್ಸಿಲ್ಲಿನಲ್ಲಿ ಬರೆದ ಕಾರ್ಡು ಬಂತು: ‘ಅವಳ ಕಪ್ಪು ಎಲ್ಲಿ ಹೋಯಿತು?’ ಅಷ್ಟೇ, ಹೆಸರೂ ಇಲ್ಲ. ಒತ್ತಿ ಬರೆದದ್ದಕ್ಕೆ ಕಾರ್ಡಿನ ಹಿಂಬದಿಯಲ್ಲೂ ಅಕ್ಷರ ಉಬ್ಬಿತ್ತು.

ಎಷ್ಟೋ ವರ್ಷ ಕಳೆದ ಮೇಲೆ ಅಮೆರಿಕದ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಬರೆದ ಲೇಖನ ಓದಿದೆ. ಅಮೆರಿಕದಲ್ಲಿ ಮೂರು ವರ್ಷದಲ್ಲಿ ಬಂದ 5,206 ಮಕ್ಕಳ ಪುಸ್ತಕಗಳನ್ನು ಲೆಕ್ಕ ಹಾಕಿದರೆ, ಒಬ್ಬ ಕಪ್ಪು ವ್ಯಕ್ತಿಯಾದರೂ ಕಾಣಿಸಿಕೊಂಡದ್ದು ಶೇ. 6.7ರಲ್ಲಿ. ಆ ಲೇಖನ ಶುರುವಾಗುವುದೂ ಐದು ವರ್ಷದ ಪುಟ್ಟಿಯ ಪ್ರಶ್ನೆಯಿಂದ: ಇವರೆಲ್ಲ ಯಾವಾಗಲೂ ಬಿಳಿ ಮಕ್ಕಳೇ ಯಾಕೆ? ಲೆಕ್ಕ ಹಾಕಿ ಹಂಚಬೇಕೆ ಎಂದು ಕೇಳಿದಿರಲ್ಲ, ಲೆಕ್ಕ ಹಾಕಿದವರೊಬ್ಬರು ಹೀಗೆ ಹಾಕಿದರು.

ಇನ್ನು ‘ಸತ್ಯ’ ಮತ್ತು ‘ಹೊತ್ತು ಕಳೆಯುವುದು’. ನೀವು ಮೆಚ್ಚಿದ ಆ ಕಿವಿ ಕೇಳದ ಹುಡುಗಿಯನ್ನೇ ತೆಗೆದುಕೊಳ್ಳಿ. ನೀವು ಹೇಳುವಂತೆ ಅರ್ಧ ಪುಸ್ತಕ ಅವಳು ಕಿವಿ ಕೇಳುವವರಿಗೆ ತನ್ನನ್ನು ವಿವರಿಸುತ್ತಾಳೆ. ಟೀಚರಿಗೆ, ಗೆಳತಿಗೆ, ಗೆಳತಿಯ ತಾಯಿಗೆ, ಕೊನೆಗೆ ನಿಮಗೆ. ಪಾಪ, ಅವಳು ಕಥೆಯೊಳಗೆ ಬದುಕುವುದು ಯಾವಾಗ? ನೀವು ‘ಹೊತ್ತು ಕಳೆಯಲು’ ಓದಿದ ಫ್ಯಾಂಟಸಿಯಲ್ಲಿ ಇಬ್ಬರು ರಾಣಿಯರು ಒಬ್ಬರನ್ನೊಬ್ಬರು ಮದುವೆಯಾಗುತ್ತಾರೆ, ಅದೇ ಪುಟದಲ್ಲಿ ಮಂತ್ರಿ ಅವರೆದುರು ಸುಂಕದ ತಕರಾರು ಬಿಚ್ಚುತ್ತಾನೆ. ಸಭೆಯಲ್ಲಿ ಒಬ್ಬರೂ ಹುಬ್ಬೇರಿಸುವುದಿಲ್ಲ. ‘ಇದು ಅಸಹಜ’ ಎಂದು ನೀವು ಅಂಚಿನಲ್ಲಿ ಬರೆದಿದ್ದೀರಿ. ನನಗೆ ಅಲ್ಲೇ ಖುಷಿಯಾಯಿತು. ಯಾವುದು ಸಹಜ ಅನ್ನುವುದನ್ನು ಮೊದಲ ಪುಟದಿಂದ ಹೊಸದಾಗಿ ತೀರ್ಮಾನಿಸುವ ಅಧಿಕಾರ ಫ್ಯಾಂಟಸಿ ಬರೆಯುವವರಿಗಿದೆ. ಇರುವ ಲೋಕವನ್ನು ಬರೆಯುವವರು ಅದರ ವಕ್ರ ದೃಷ್ಟಿಯನ್ನೂ ಹೊತ್ತುಕೊಂಡೇ ಬರೆಯಬೇಕು.

ಎನ್. ಕೆ. ಜೆಮಿಸಿನ್ ಅವರ ‘ಬ್ರೋಕನ್ ಅರ್ಥ್’ ಎಂಬ ಮೂರು ಫ್ಯಾಂಟಸಿ ಕಾದಂಬರಿಗಳ ಭೂಕಂಪದ ಲೋಕಕ್ಕೆ ನಿಮ್ಮನ್ನು ಕಳಿಸಬೇಕೆಂದಿದ್ದೇನೆ. 2016, 2017, 2018, ಮೂರೂ ವರ್ಷ ಅವುಗಳಲ್ಲಿ ಒಂದೊಂದಕ್ಕೆ ಹ್ಯೂಗೋ, ಅಂದರೆ ವಿಜ್ಞಾನಕಥೆ, ಫ್ಯಾಂಟಸಿಗಳಿಗೆ ಕೊಡುವ ದೊಡ್ಡ ಪ್ರಶಸ್ತಿ. ಸತತ ಮೂರು ಸಲ ಅದು ಬೇರೆ ಯಾರಿಗೂ ಅದುವರೆಗೆ ಸಿಕ್ಕಿರಲಿಲ್ಲ. ನಾಯಕಿ ಮಗುವನ್ನು ಕಳೆದುಕೊಂಡ ನಡುವಯಸ್ಸಿನ ತಾಯಿ. ಅವಳ ಭಾಗಗಳಲ್ಲಿ ‘ಅವಳು’ ಎಂಬ ಮಾತಿಲ್ಲ, ‘ನೀನು’ ಎಂದೇ ಕಥೆ ಸಾಗುತ್ತದೆ. ನೀನು ನಡೆದೆ, ನೀನು ಕೂತೆ, ನಿನ್ನ ಮಗು. ಹತ್ತು ಪುಟ ಹೋಗುವಷ್ಟರಲ್ಲಿ ಓದುವವರಿಗೆ ದೂರ ನಿಂತು ಮರುಗುವ ಸೌಲಭ್ಯವೇ ಉಳಿಯುವುದಿಲ್ಲ. ಇದನ್ನೂ ಹೊತ್ತು ಕಳೆಯಲು ಓದಿ ನೋಡಿ.

ನನ್ನ ಸಿಟ್ಟು ನಿಜಕ್ಕೂ ನಿಮ್ಮ ಮೇಲಲ್ಲ. ‘ವೈವಿಧ್ಯ’ ಎಂಬ ಒಂದೇ ಚೀಟಿ ಅಂಟಿಸಿ, ಪತ್ತೇದಾರಿ, ಪ್ರೇಮಕಥೆ, ಮಾಟಮಂತ್ರ ಎಲ್ಲವನ್ನೂ ಒಂದೇ ಕಪಾಟಿಗೆ ತುರುಕುವವರ ಮೇಲೆ. ಅನುಭವಿಸಿದವರೇ ಬರೆದದ್ದು ಎಂದು ಗುರುತಿಸಲು 2015ರಲ್ಲಿ ‘ಓನ್ ವಾಯ್ಸಸ್’ ಎಂಬ ಹಣೆಪಟ್ಟಿ ಹುಟ್ಟಿತು, ಒಳ್ಳೆಯ ಉದ್ದೇಶದಿಂದಲೇ. ಬರುಬರುತ್ತಾ ಲೇಖಕರು ತಮ್ಮ ಖಾಸಗಿ ಬದುಕನ್ನು ಬಿಚ್ಚಿ ತೋರಿಸಿ ಅರ್ಹತೆ ಸಾಬೀತು ಮಾಡಬೇಕಾದ ಪರಿಸ್ಥಿತಿ ಬಂತು. ಮಕ್ಕಳ ಪುಸ್ತಕಗಳಲ್ಲಿ ಎಲ್ಲ ಬಗೆಯವರೂ ಇರಲೆಂದು ದುಡಿಯುವ ಅಮೆರಿಕದ ‘ವಿ ನೀಡ್ ಡೈವರ್ಸ್ ಬುಕ್ಸ್’ ಸಂಸ್ಥೆಯೇ 2021ರಲ್ಲಿ ಆ ಪದ ಕೈಬಿಟ್ಟಿತು. ಇನ್ನು ವಿಮರ್ಶಕರು! ವಾಕ್ಯ ಹೇಗಿದೆ, ಕಥೆ ಎಲ್ಲಿ ಕುಂಟಿತು ಎಂದು ಒಂದು ಮಾತಿಲ್ಲ, ‘ದಿಟ್ಟ’, ‘ಮುಖ್ಯ’, ‘ಕಾಲದ ಅಗತ್ಯ’. ಔಷಧಿ ಚೀಟಿ ಬರೆದ ಹಾಗೆ. ಅನುವಾದಿಸಿದವರ ಹೆಸರಂತೂ ಕೊನೆಯ ಸಾಲಿಗೂ ಬರುವುದಿಲ್ಲ. ನಮ್ಮ ಪತ್ರಿಕೆಯಲ್ಲೂ ಎರಡು ಸಲ ಬಿಟ್ಟುಹೋಗಿದೆ, ಬಲ್ಲೆ.

ನೀವು ಹಾಗಲ್ಲ. ಏಳನ್ನೂ ಕೊನೆಯ ಪುಟದವರೆಗೆ ಓದಿ, ಎಲ್ಲಿ ಬೇಸರವಾಯಿತೆಂದು ಪುಟಸಂಖ್ಯೆ ಸಮೇತ ಬರೆದಿದ್ದೀರಿ. ಅದಕ್ಕೇ ಈ ಸಲಿಗೆ.

ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕಗಳನ್ನು ಕಿಟಕಿ, ಕನ್ನಡಿ, ಜಾರುವ ಗಾಜಿನ ಬಾಗಿಲು ಎಂದರು: ಬೇರೆಯವರ ಬದುಕು ಕಾಣಲು, ನಮ್ಮನ್ನೇ ಕಾಣಲು, ಆ ಲೋಕದೊಳಗೆ ಹೆಜ್ಜೆ ಇಡಲು. ಕಿಟಕಿ ಕನ್ನಡಿಯನ್ನು ಎಲ್ಲರೂ ಉದ್ಧರಿಸುತ್ತಾರೆ. ಬೆಳಕು ಸರಿಯಾಗಿ ಬಿದ್ದರೆ ಕಿಟಕಿಯೇ ಕನ್ನಡಿಯೂ ಆಗುತ್ತದೆ ಎಂದು ಅವರೇ ಹೇಳಿದ್ದನ್ನು ಮರೆಯುತ್ತಾರೆ. ಹೊಡೆದುಹಾಕಿದ್ದನ್ನು ಓದುವುದು ಸಂಪಾದಕರ ಕೆಟ್ಟ ಚಾಳಿ, ಕ್ಷಮಿಸಿ. ನಿಮ್ಮ ಮೂರನೇ ಹಾಳೆಯನ್ನು ಮೇಜಿನ ದೀಪಕ್ಕೆ ಹಿಡಿದೆ. ಎರಡು ಗೀಟಿನ ಅಡಿಯಲ್ಲಿ ಇಷ್ಟು ಕಂಡಿತು: ‘ಚಿಕ್ಕವಳಿದ್ದಾಗ ಇಂಥ ಮಾಂತ್ರಿಕನೊಬ್ಬ ನನಗೆ ಸಿಕ್ಕಿದ್ದರೆ’. ಮುಂದಕ್ಕೆ ಪೆನ್ನು ಹೋಗಿಲ್ಲ.

ಆ ವಾಕ್ಯವನ್ನು ಮುಗಿಸಿ ಕಳಿಸಿ. ಬೇಕಾದರೆ ಅಂಚಿನಲ್ಲೂ ಬರೆಯಿರಿ.

— ಸಂ.